ನೆಟ್ಟಿ ಗದ್ದೆಯ ಜ್ವರ

ಒಲೆಗೆ ಇನ್ನೆರಡು ತೆಂಗಿನ ಸಿಪ್ಪೆ ತಳ್ಳಿ, ಹತ್ತಿರ ಬನ್ನಿ. ಮಳೆ ಹೀಗೆ ಹಿಡಿದು ಹೊಡೆಯುವಾಗೆಲ್ಲ ನನಗೆ 2014ರ ಆಸಾಡಿ ತಿಂಗಳು ನೆನಪಾಗುತ್ತದೆ. ಆಗ ನಾನು ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗದ ಕಿರಿಯ ಡಾಕ್ಟರು. ಮಳೆಗಾಲ ಶುರುವಾಯಿತೆಂದರೆ ನಮ್ಮ ವಾರ್ಡಿನ ತುಂಬ ಜ್ವರವೇ. ಇಲಿಜ್ವರ, ಡೆಂಗಿ, ಮಲೇರಿಯಾ, ಹೆಸರು ಸಿಗದ ಜ್ವರಗಳು. ಅವುಗಳ ನಡುವೆ ಒಬ್ಬರು ಬಂದರು. ಅವರ ಕಥೆ ಹೇಳುತ್ತೇನೆ.

ಕುಂದಾಪುರದಿಂದ ಒಳಗೆ, ಘಟ್ಟದ ಬುಡದ ಕಡೆಯ ಊರು. ವಯಸ್ಸು ಐವತ್ತರ ಆಚೆ ಈಚೆ. ಸಂಜೆ ಆರು ಗಂಟೆಗೆ ಒಂದು ಓಮ್ನಿಯಲ್ಲಿ, ಹಿಂದಿನ ಸೀಟಿನ ಮೇಲೆ ಅಡ್ಡ ಮಲಗಿಸಿಕೊಂಡು ತಂದರು. ಹೆಂಡತಿ ಕೈಯಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ. ಅದರೊಳಗೆ ಹಳೆಯ ಸಕ್ಕರೆ ಕಾಯಿಲೆಯ ಚೀಟಿಗಳು, ಅರ್ಧ ಖಾಲಿಯಾದ ಮಾತ್ರೆ ಹಾಳೆಗಳು. ಎಲ್ಲ ಒದ್ದೆ.

"ಡಾಕ್ಟ್ರೇ, ಜ್ವರ ಬಂದ್ ನಾಲ್ಕ್ ದಿನ ಆಯ್ತ್. ಅಂಗ್ಡಿಯಿಂದ ಮಾತ್ರೆ ತಂದ್ ಕೊಟ್ಟೆ. ನಿನ್ನೆ ರಾತ್ರಿಯಿಂದ ನಾ ಯಾರ್ ಅಂದೇ ಗೊತ್ತಾತಿಲ್ಲೆ ಇವ್ರಿಗೆ," ಅಂದರು ಆಕೆ.

ಜ್ವರ ನೋಡಿದರೆ ಹೆಚ್ಚಿರಲಿಲ್ಲ, 38 ಡಿಗ್ರಿಯ ಸುತ್ತಮುತ್ತ. ಜ್ವರ ಇಳಿಯುತ್ತಿದೆಯಲ್ಲ, ಬೆಳಿಗ್ಗೆಗಿಂತ ಮೈ ತಣ್ಣಗಿದೆಯಲ್ಲ ಎಂದು ಜೊತೆಗೆ ಬಂದ ಭಾವನಿಗೆ ಸಮಾಧಾನ. ನಮ್ಮ ಹಿರಿಯ ಸಿಸ್ಟರ್ ಮಾತ್ರ ಜ್ವರದ ಅಂಕಿ ನೋಡಿ ಪಕ್ಕಕ್ಕಿಟ್ಟರು. ಮಾನಿಟರಿನ ತಂತಿ ಹಚ್ಚುವ ಮೊದಲೇ ರೋಗಿಯ ಹೊಟ್ಟೆಯ ಮೇಲೆ ಒಂದು ಕೈ ಇಟ್ಟು, ಗೋಡೆಯ ಗಡಿಯಾರ ನೋಡುತ್ತ ನಿಂತರು. ಪೂರ್ತಿ ಒಂದು ನಿಮಿಷ. ಸುತ್ತ ಅಷ್ಟು ಗಲಾಟೆಯಿದ್ದರೂ ಅವರು ಕದಲಲಿಲ್ಲ. "ಉಸಿರು 34," ಅಂದರು. ಆಮೇಲೆ ಬಿಪಿ ಪಟ್ಟಿ ಸುತ್ತಿದರು. ಮೇಲಿನದು 78, ಕೆಳಗಿನದು 46. ನಾಡಿ 132. ಸಕ್ಕರೆ 412. ಬೆಳಗಿನಿಂದ ಮೂತ್ರವೇ ಹೋಗಿಲ್ಲ ಎಂದು ಹೆಂಡತಿ ಹೇಳಿದರು.

ಸಿಸ್ಟರ್ ರೋಗಿಯ ತೋರುಬೆರಳಿನ ಉಗುರನ್ನು ಒತ್ತಿ ಹಿಡಿದು, ಹತ್ತು ಎಣಿಸಿ ಬಿಟ್ಟರು. ಬೆಳ್ಳಗಾದ ಉಗುರು ಮತ್ತೆ ಕೆಂಪಾಗಲು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬಾರದು. ಅವರಿಗೆ ಆರು ದಾಟಿತು. ರಕ್ತ ಬೆರಳ ತುದಿಯವರೆಗೆ ಹೋಗುತ್ತಿಲ್ಲ ಅಂದರೆ ಕಿಡ್ನಿಗೂ ಸರಿಯಾಗಿ ಹೋಗುತ್ತಿಲ್ಲ, ಮಿದುಳಿಗೂ ಹೋಗುತ್ತಿಲ್ಲ. ಇದಕ್ಕೆ ಯಂತ್ರ ಬೇಡ, ವಿದ್ಯುತ್ ಬೇಡ. ನಾನು ಆಮೇಲೆ ಎಷ್ಟೋ ಐಸಿಯು ನೋಡಿದೆ, ಎಷ್ಟೋ ದುಬಾರಿ ಉಪಕರಣ ನೋಡಿದೆ. ಆದರೂ ಇವತ್ತಿಗೂ ಜ್ವರದ ರೋಗಿಯ ಹತ್ತಿರ ಹೋದರೆ ಮೊದಲು ಉಸಿರು ಎಣಿಸುತ್ತೇನೆ, ಆಮೇಲೆ ಉಗುರು ಒತ್ತುತ್ತೇನೆ. ಆ ಸಿಸ್ಟರ್ ಕಲಿಸಿದ ಪಾಠ ಅದು.

ಇವೆಲ್ಲ ಸೆಪ್ಸಿಸ್‌ನ ಗುರುತು. ಸೆಪ್ಸಿಸ್ ಅಂದರೆ ರೋಗಾಣು ರಕ್ತಕ್ಕೆ ಇಳಿದದ್ದು ಅಂತಷ್ಟೇ ಜನ ತಿಳಿದಿದ್ದಾರೆ. ಅಷ್ಟೇ ಆಗಿದ್ದರೆ ರೋಗಾಣುವನ್ನು ಕೊಂದು ಮುಗಿಸಬಹುದಿತ್ತು. ರೋಗಾಣುವಿನ ಮೇಲೆ ಹೊರಟ ದೇಹದ ಕಾವಲೇ ಹತೋಟಿ ತಪ್ಪಿ ತನ್ನದೇ ಅಂಗಗಳನ್ನು ಕೆಡಿಸಲು ತೊಡಗುತ್ತದೆ. ರಕ್ತನಾಳಗಳು ಸಡಿಲಾಗಿ ಒಳಗಿನ ನೀರು ಸೋರಿಹೋಗುತ್ತದೆ, ಬಿಪಿ ಕುಸಿಯುತ್ತದೆ, ಒಂದಾದ ಮೇಲೊಂದು ಅಂಗ ಕೈಬಿಡುತ್ತದೆ. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4.89 ಕೋಟಿ ಜನರಿಗೆ ಸೆಪ್ಸಿಸ್ ಬಂದಿತ್ತು, 1.1 ಕೋಟಿ ಜನ ತೀರಿಕೊಂಡರು ಎಂಬ ಅಂದಾಜು ಆಮೇಲೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆ ವರ್ಷ ಜಗತ್ತಿನಲ್ಲಿ ಸತ್ತ ಐವರಲ್ಲಿ ಒಬ್ಬರು ಸೆಪ್ಸಿಸ್‌ನಿಂದ ಸತ್ತರು ಎಂದ ಹಾಗಾಯಿತು. ಆದರೂ ಮರಣದ ಚೀಟಿಯಲ್ಲಿ ನ್ಯುಮೋನಿಯಾ ಎಂದೋ ಕಿಡ್ನಿ ವೈಫಲ್ಯ ಎಂದೋ ಬರೆದಿರುತ್ತದೆ. ಮನೆಯವರಿಗೆ ಸೆಪ್ಸಿಸ್ ಎಂಬ ಹೆಸರು ಗೊತ್ತೇ ಆಗುವುದಿಲ್ಲ.

ಆ ಸಂಜೆಗೆ ಬರುತ್ತೇನೆ. ಒಬ್ಬ ಇಂಟರ್ನ್ ಹುಡುಗ ಬಹಳ ಚುರುಕು. ಡ್ರಿಪ್ ಹಚ್ಚಿ ಆಗಿತ್ತು, ಸಲೈನ್ ಓಡುತ್ತಿತ್ತು. ಅಷ್ಟರಲ್ಲಿ ಅವನು ಸೆಫ್ಟ್ರಿಯಾಕ್ಸೋನ್ ಸಿರಿಂಜಿಗೆ ತುಂಬಿಕೊಂಡು ಬಂದ. ಜ್ವರ, ಶಾಕ್, ಬೇಗ ಆ್ಯಂಟಿಬಯೋಟಿಕ್ ಕೊಡಬೇಕು ಎಂಬುದು ಅವನ ತಲೆಯಲ್ಲಿ. ಅದು ಸರಿಯೇ. 2006ರಲ್ಲಿ ಆನಂದ್ ಕುಮಾರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ನಮಗೆಲ್ಲ ಬಾಯಿಪಾಠ. ಸೆಪ್ಟಿಕ್ ಶಾಕಿನಲ್ಲಿ ಬಿಪಿ ಕುಸಿದ ಮೊದಲ ಆರು ಗಂಟೆಯೊಳಗೆ, ನಾಟುವ ಔಷಧ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ಶೇ. 7.6ರಷ್ಟು ಇಳಿಯುತ್ತ ಹೋಗುತ್ತದೆ ಎಂದು ಅವರು ಕಂಡಿದ್ದರು.

ಸಿಸ್ಟರ್ ಅವನ ಕೈ ತಡೆದರು. "ಡಾಕ್ಟ್ರೇ, ಒಂದ್ ಐದು ನಿಮಿಷ. ಬಾಟಲಿ ತುಂಬಲಿ, ಆಮೇಲೆ ಕೊಡಿ."

ಬಾಟಲಿ ಎಂದರೆ ಬ್ಲಡ್ ಕಲ್ಚರ್ ಬಾಟಲಿ. ನನ್ನ ಕಥೆಯೆಲ್ಲ ಆ ಬಾಟಲಿಯದೇ. ಅದಕ್ಕೇ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಅಂಗೈಯಷ್ಟು ಎತ್ತರ, ಒಳಗೆ ಕಂದು ಬಣ್ಣದ ಸಾರು, ಬಾಯಿಗೆ ರಬ್ಬರ್ ಬಿರಡೆ. ರೋಗಾಣು ಇದ್ದರೆ ಆ ಸಾರಿನಲ್ಲಿ ಬೆಳೆಯುತ್ತದೆ. ರೋಗಿಯ ರಕ್ತದಲ್ಲಿ ರೋಗಾಣು ತುಂಬ ಇರುತ್ತದೆಂದು ನಾವು ಅಂದುಕೊಳ್ಳುತ್ತೇವೆ. ನಿಜದಲ್ಲಿ ದೊಡ್ಡವರ ರಕ್ತದ ಒಂದು ಮಿಲಿಲೀಟರಿನಲ್ಲಿ ಒಂದೂ ಸಿಗದೆ ಹೋಗಬಹುದು. ಅದಕ್ಕೇ ಒಂದೊಂದು ಬಾಟಲಿಗೆ 8ರಿಂದ 10 ಮಿಲಿಲೀಟರ್ ಹಾಕಬೇಕು, ಎರಡು ಕೈಗಳಿಂದ ಬೇರೆ ಬೇರೆ ತೆಗೆಯಬೇಕು. ಔಷಧ ಒಳಗೆ ಹೋದ ಮೇಲೆ ತೆಗೆದರೆ ಇದ್ದ ನಾಲ್ಕೂ ಸತ್ತಿರುತ್ತವೆ, ಅಥವಾ ಬೆಳೆಯಲಾರದೆ ಕುಳಿತಿರುತ್ತವೆ. ಆಗ ಏನೂ ಬೆಳೆದಿಲ್ಲ ಎಂಬ ವರದಿ ಬರುತ್ತದೆ. ರೋಗಿ ಒಳಗೊಳಗೇ ಬೇಯುತ್ತಿರುತ್ತಾನೆ, ನಾವು ಕತ್ತಲಲ್ಲಿ ಔಷಧ ಬದಲಿಸುತ್ತ ಹೋಗುತ್ತೇವೆ.

ಸಿಸ್ಟರ್ ಬಾಟಲಿಯ ಮುಚ್ಚಳ ಹಾರಿಸಿದರು. ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಟ್ಟರು. ಮುಚ್ಚಳ ಇದ್ದ ಮಾತ್ರಕ್ಕೆ ಆ ರಬ್ಬರ್ ಶುದ್ಧವಾಗಿ ಇರುವುದಿಲ್ಲ. ಗದ್ದೆ ಕೆಸರು ಇನ್ನೂ ಅಂಟಿಕೊಂಡಿದ್ದ ಮೊಣಕೈಯನ್ನು ಮೊದಲು ಸೋಪು ನೀರಿನಿಂದ ತೊಳೆದರು, ಆಮೇಲೆ ಕ್ಲೋರ್‌ಹೆಕ್ಸಿಡಿನ್ ಹಚ್ಚಿ ಅರ್ಧ ನಿಮಿಷ ಉಜ್ಜಿದರು. ಊದಿ ಆರಿಸಲಿಲ್ಲ, ತಾನಾಗಿ ಆರಲು ಬಿಟ್ಟರು. ಆರಿದ ಮೇಲೆ ನರ ಎಲ್ಲಿದೆಯೆಂದು ಮತ್ತೆ ಬೆರಳಿಟ್ಟು ಹುಡುಕಲಿಲ್ಲ. ಮೊದಲೇ ಗುರುತಿಟ್ಟಿದ್ದ ಜಾಗಕ್ಕೆ ನೇರವಾಗಿ ಸೂಜಿ ಇಳಿಸಿದರು. ಬಿಪಿ ಅಷ್ಟು ಕುಸಿದಿರುವಾಗ ರಕ್ತ ಸುಲಭವಾಗಿ ಬರುವುದಿಲ್ಲ, ಸಿರಿಂಜಿನ ಹಿಡಿಯನ್ನು ತೀರ ನಿಧಾನ ಎಳೆಯಬೇಕು. ಬಲಗೈ ಆಯಿತು, ಎಡಗೈ ಆಯಿತು. ಬಾಟಲಿಯ ಚೀಟಿಯ ಮೇಲೆ ಹೆಸರು, ಯಾವ ಕೈ, ಎಷ್ಟು ಗಂಟೆ ಎಲ್ಲ ಬರೆದರು. ಅದೆಲ್ಲ ಮುಗಿಯಲು ಎಷ್ಟು ಹೊತ್ತು ಹಿಡಿಯಿತೋ ಅಷ್ಟು ಹೊತ್ತಿನಲ್ಲಿ ನಾನು ಇನ್ನೊಂದು ಡ್ರಿಪ್ ಹಾಕಿ, ಆಮ್ಲಜನಕ ಹಚ್ಚಿ, ಮೂತ್ರದ ಕೊಳವೆ ಹಾಕಿದ್ದೆ ಅಷ್ಟೆ. ತಡವಾಗಲಿಲ್ಲ. ಕಲ್ಚರ್ ತೆಗೆಯುವುದರಿಂದ ಔಷಧ ತಡವಾಗುತ್ತದೆ ಎಂದು ಹೇಳುವವರನ್ನು ನಾನು ಈಗಲೂ ಒಪ್ಪುವುದಿಲ್ಲ.

ನಮ್ಮ ಸರ್ ಅಷ್ಟರಲ್ಲಿ ಬಂದರು. ಅವರು ಚಾರ್ಟ್ ನೋಡುವ ಮೊದಲು ಹೆಂಡತಿಯ ಹತ್ತಿರ ಮಾತಾಡುವ ಪದ್ಧತಿಯವರು.

"ಅಕ್ಕ, ನೆಟ್ಟಿ ಮುಗೀತಾ ನಿಮ್ಮಲ್ಲಿ?"

"ಇಲ್ಲ ಡಾಕ್ಟ್ರೇ, ಕೆಳಗಿನ ಗದ್ದೆ ಬಾಕಿ ಇತ್ತ್. ಇವ್ರೇ ನೇಜಿ ಹೊತ್ತದ್ದ್."

"ಕಾಲಿಗೆ ಎಂತಾದ್ರೂ ಹಾಕ್ತ್ರಾ?"

"ಕೆಸ್ರಿಗೆ ಎಂತ ಹಾಕುದ್? ಬರಿಗಾಲೇ."

ಸರ್ ರೋಗಿಯ ಪಾದವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಎಡಗಾಲಿನ ಕಿರುಬೆರಳ ಸಂದಿ ಕೆಸರಿಗೆ ಕೊಳೆತು ಬೆಳ್ಳಗಾಗಿತ್ತು. ಅದರ ಕೆಳಗೆ ಹಿಮ್ಮಡಿಯ ಕಡೆಗೆ ಒಂದು ಸೀಳು, ಒಳಗೆ ಕಪ್ಪು ಮಣ್ಣು. ಸಕ್ಕರೆಯಿಂದ ಪಾದದ ಸ್ಪರ್ಶ ಹೋಗಿತ್ತು, ಆದ್ದರಿಂದ ಅದು ನೋಯುತ್ತಲೂ ಇರಲಿಲ್ಲ. ಎದೆಯ ಎಕ್ಸ್‌ರೇ ಬಂತು. ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಬಿಳಿ ಮಚ್ಚೆ. ಆ ಜಾಗದಲ್ಲಿ ಮಚ್ಚೆ ಕಂಡರೆ ಎಲ್ಲರಿಗೂ ಮೊದಲು ನೆನಪಾಗುವುದು ಕ್ಷಯ.

ಸರ್ ಕ್ಷಯದ ಮಾತೆತ್ತಲಿಲ್ಲ. ನಮ್ಮ ಕಡೆ ತಿರುಗಿ, "ಮಳೆಗಾಲ, ಗದ್ದೆ, ಸಕ್ಕರೆ ಕಾಯಿಲೆ, ಶಾಕ್. ಇಲಿಜ್ವರ ಇರಬಹುದು, ಸ್ಕ್ರಬ್ ಟೈಫಸ್ ಇರಬಹುದು. ಗದ್ದೆ ಮಣ್ಣಿನಿಂದ ಬರುವ ಮೆಲಿಯಾಯ್ಡೋಸಿಸ್ ಇರಬಹುದು, ಅದಿದ್ದರೆ ಸೆಫ್ಟ್ರಿಯಾಕ್ಸೋನ್ ಸಾಲುವುದಿಲ್ಲ," ಅಂದರು. ಮೆರೊಪೆನೆಮ್ ಮತ್ತು ಡಾಕ್ಸಿಸೈಕ್ಲಿನ್ ಎರಡನ್ನೂ ಬರೆದರು. ಸ್ಕ್ರಬ್ ಟೈಫಸ್ಸಿನ ಹುಳ ಕಚ್ಚಿದ ಕಪ್ಪು ಹಕ್ಕಳೆ ಎಲ್ಲಾದರೂ ಇದೆಯೇ ಎಂದು ಕಂಕುಳು, ತೊಡೆಸಂದಿ ಎಲ್ಲ ಹುಡುಕಿದೆವು. ಸಿಗಲಿಲ್ಲ.

ಮೆರೊಪೆನೆಮ್ ಬರೆಯುವಾಗ ಅವರ ಪೆನ್ನು ಸ್ವಲ್ಪ ತಡೆಯಿತು, ನಾನು ಕಂಡೆ. ಅದು ಕೊನೆಯ ಸಾಲಿನ ಔಷಧ. ಸಿಕ್ಕಸಿಕ್ಕವರಿಗೆ ಕೊಟ್ಟರೆ ನಾಳೆ ಬೇಕಾದವರಿಗೆ ನಾಟುವುದಿಲ್ಲ. ಅಂಥ ಔಷಧಗಳಿಗೂ ಬಗ್ಗದ ರೋಗಾಣುಗಳನ್ನು ನಾವು ನಮ್ಮದೇ ಐಸಿಯುಗಳಲ್ಲಿ ನೋಡುತ್ತಿದ್ದೆವು. "ಇವತ್ತು ಕೊಡ್ತೇನೆ," ಅಂದರು ಸರ್. "ಬಾಟಲಿ ಬೇಡ ಅಂದ ದಿನ ನಿಲ್ಲಿಸ್ತೇನೆ." ಒಳಗೆ ಬಂದ ನಲವತ್ತು ನಿಮಿಷದೊಳಗೆ ಔಷಧ ಓಡುತ್ತಿತ್ತು.

ರೋಗಿಯ ತೂಕ ಸುಮಾರು 60 ಕಿಲೋ. ಕಿಲೋಗೆ 30 ಮಿಲಿಲೀಟರಿನ ಲೆಕ್ಕದಲ್ಲಿ 1800 ಮಿಲಿಲೀಟರ್ ರಿಂಗರ್ ಲ್ಯಾಕ್ಟೇಟ್ ಮೊದಲ ಮೂರು ಗಂಟೆಯೊಳಗೆ ಹೋಯಿತು. ಅರ್ಧರ್ಧ ಲೀಟರಿಗೊಮ್ಮೆ ನಿಲ್ಲಿಸಿ, ಬೆನ್ನಿಗೆ ಸ್ಟೆಥಸ್ಕೋಪ್ ಇಟ್ಟು, ಶ್ವಾಸಕೋಶಕ್ಕೆ ನೀರು ಇಳಿಯುತ್ತಿದೆಯೇ ಎಂದು ಕೇಳುತ್ತ ಹಾಕಿದೆವು. ಬಿಪಿ ಏರಿದಂತೆ ಕಂಡು ಮತ್ತೆ ಕುಸಿಯಿತು. ನಾರ್‌ಅಡ್ರಿನಾಲಿನ್ ಶುರು ಮಾಡಿದೆವು. ಸರಾಸರಿ ಬಿಪಿ 65ರಲ್ಲಿ ನಿಲ್ಲಬೇಕು, ಮೂತ್ರದ ಚೀಲಕ್ಕೆ ಹನಿ ಬೀಳಬೇಕು, ಇವೆರಡೇ ಆ ರಾತ್ರಿಯ ಗುರಿ. ಪಾದದ ಗಾಯವನ್ನು ಸರ್ಜರಿಯವರು ರಾತ್ರಿಯೇ ಬಂದು ಬಿಚ್ಚಿ, ಒಳಗಿನ ಕೀವು ತೆಗೆದು, ಅದನ್ನೂ ಲ್ಯಾಬಿಗೆ ಕಳಿಸಿದರು.

ಆ ವರ್ಷದ ಮಾರ್ಚಿನಲ್ಲಷ್ಟೇ ಅಮೆರಿಕದ ಪ್ರೊಸೆಸ್ ಎಂಬ ಅಧ್ಯಯನ ಬಂದಿತ್ತು. ಅದರ ಹಿಂದಿನ ಹದಿಮೂರು ವರ್ಷ ಜಗತ್ತೆಲ್ಲ ಡೆಟ್ರಾಯ್ಟ್‌ನ ಇಮ್ಯಾನುಯೆಲ್ ರಿವರ್ಸ್ 2001ರಲ್ಲಿ ತೋರಿಸಿದ ದಾರಿಯಲ್ಲಿತ್ತು. ಎದೆಯೊಳಗಿನ ದೊಡ್ಡ ನಾಳಕ್ಕೆ ವಿಶೇಷ ಕೊಳವೆ ಇಳಿಸಿ, ಅಲ್ಲಿನ ಆಮ್ಲಜನಕ ಅಳೆದು, ಆ ಅಂಕಿ ನೋಡಿ ನೀರು, ರಕ್ತ, ಔಷಧ ಕೊಡುವ ಕ್ರಮ. ಅವರ 263 ರೋಗಿಗಳಲ್ಲಿ ಸಾವು ಶೇ. 46.5ರಿಂದ 30.5ಕ್ಕೆ ಇಳಿದಿತ್ತು. ನಮ್ಮಂಥ ಕಡೆ ಆ ಕೊಳವೆ ಎಲ್ಲಿಂದ ತರುವುದು? ಬಡ ಊರಿನ ರೋಗಿಗೆ ಆ ಭಾಗ್ಯವಿಲ್ಲ ಎಂಬ ಕೊರಗು ನಮಗಿತ್ತು. ಅಮೆರಿಕದ 31 ಆಸ್ಪತ್ರೆಗಳ 1341 ರೋಗಿಗಳನ್ನು ನೋಡಿದ ಪ್ರೊಸೆಸ್, ಬೇಗ ಗುರುತಿಸಿ ಬೇಗ ಆ್ಯಂಟಿಬಯೋಟಿಕ್ ಕೊಟ್ಟು ಎಚ್ಚರದಿಂದ ನೋಡಿಕೊಂಡರೆ ಆ ಕೊಳವೆಯಿಂದ ಹೆಚ್ಚಿನ ಲಾಭವಿಲ್ಲ ಎಂದಿತು. ರಿವರ್ಸ್ ಅವರ ದುಡಿಮೆ ವ್ಯರ್ಥವಾಯಿತು ಎಂದು ನಾನು ಹೇಳುವುದಿಲ್ಲ. ಮೊದಲ ಗಂಟೆಗಳಿಗೆ ಬೆಲೆ ಇದೆಯೆಂದು ಜಗತ್ತಿಗೆ ಕಲಿಸಿದ್ದೇ ಅವರು. ಆದರೆ ಆ ರಾತ್ರಿ, ಒಬ್ಬ ಸಿಸ್ಟರ್ ಪ್ರತಿ ಹದಿನೈದು ನಿಮಿಷಕ್ಕೆ ಉಗುರು ಒತ್ತುತ್ತ ಕೂತಿದ್ದಾಗ, ಡೆಟ್ರಾಯ್ಟ್‌ನ ರೋಗಿಗೆ ಸಿಗಬೇಕಾದ್ದೇ ಇವರಿಗೂ ಸಿಗುತ್ತಿದೆ ಎಂಬ ಧೈರ್ಯ ನನಗೆ ಬಂತು.

ಹೆಂಡತಿ ಐಸಿಯು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ನಡುರಾತ್ರಿ ನಾನು ಹೊರಬಂದಾಗ ಎದ್ದು ನಿಂತು, "ಬದ್ಕ್ತ್ರಾ?" ಅಂತ ಕೇಳಿದರು.

"ಅಕ್ಕ, ಇವತ್ತು ರಾತ್ರಿ ಹೇಳ್ಲಿಕ್ಕೆ ಆಗುದಿಲ್ಲ. ನಾವು ಯಾರೂ ಇಲ್ಲಿಂದ ಎದ್ದು ಹೋಗುದಿಲ್ಲ," ಅಂದೆ.

ಆಕೆ ತಲೆಯಾಡಿಸಿ ಕೂತರು. ಸ್ವಲ್ಪ ಹೊತ್ತು ಬಿಟ್ಟು, ತನಗೆ ತಾನೇ ಹೇಳಿಕೊಂಡ ಹಾಗೆ, ಕಿತ್ತಿಟ್ಟ ನೇಜಿ ಗದ್ದೆ ಅಂಚಿನಲ್ಲೇ ಇದೆ, ಎರಡು ದಿನ ಬಿಟ್ಟರೆ ಹಾಳಾಗುತ್ತದೆ ಅಂದರು. ಮರುದಿನ ಭಾವ ಊರಿಂದ ಬಂದು ಸುದ್ದಿ ತಂದ. ನೆರೆಮನೆಯವರು ಸೇರಿ ಕೆಳಗಿನ ಗದ್ದೆ ನೆಟ್ಟು ಮುಗಿಸಿದ್ದರು. ಎರಡು ದಿನದಲ್ಲಿ ಮೊದಲ ಸಲ ಆಕೆ ಊಟ ಮಾಡಿದ್ದು ಅದನ್ನು ಕೇಳಿದ ಮೇಲೆ.

ಅಷ್ಟರಲ್ಲಿ ರೋಗಿಯ ಉಸಿರಾಟ ಸೋತಿತ್ತು. ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಹಚ್ಚಿದೆವು. ನಾರ್‌ಅಡ್ರಿನಾಲಿನ್ ಏರಿಸಿದಷ್ಟೂ ಸಾಲದೆ ಬಂದಾಗ ಹೈಡ್ರೋಕಾರ್ಟಿಸೋನ್ 50 ಮಿಲಿಗ್ರಾಂ, ಆರು ಗಂಟೆಗೊಮ್ಮೆ ಸೇರಿಸಿದೆವು. ಇನ್ಸುಲಿನ್ ಹನಿ ಹನಿಯಾಗಿ ಹೋಗುತ್ತಿತ್ತು. ಆ ಭಾಗವನ್ನು ಉದ್ದ ಹೇಳುವುದಿಲ್ಲ. ಐಸಿಯು ಒಳಗಿನ ಕೆಲಸ ಬಹುಪಾಲು ಕಾಯುವುದು, ತಿರುಗಿಸಿ ಮಲಗಿಸುವುದು, ಬಾಯಿ ಒರೆಸುವುದು, ಕೈ ತೊಳೆಯುವುದು.

ಎರಡನೆಯ ದಿನ ನಸುಕಿನಲ್ಲಿ ಮೈಕ್ರೋಬಯಾಲಜಿ ಲ್ಯಾಬಿನ ಮೇಡಂ ಫೋನ್ ಮಾಡಿದರು. "ನಿಮ್ಮ ಬಾಟಲಿ ಕೂಗಿತು." ಬಾಟಲಿಗಳನ್ನು ಬೆಚ್ಚಗೆ ಅಲ್ಲಾಡಿಸುತ್ತ ಇಟ್ಟುಕೊಳ್ಳುವ ಯಂತ್ರ ಒಂದಿದೆ. ಒಳಗೆ ರೋಗಾಣು ಬೆಳೆದು ಇಂಗಾಲದ ಡೈಆಕ್ಸೈಡ್ ಬಿಟ್ಟಾಗ ಅದು ಶಬ್ದ ಮಾಡುತ್ತದೆ. ಮೇಡಂ ಒಂದು ಹನಿ ತೆಗೆದು ಗಾಜಿನ ಪಟ್ಟಿಗೆ ಹಚ್ಚಿ ಗ್ರಾಂ ಬಣ್ಣ ಹಾಕಿ ನೋಡಿದ್ದರು. ನಾನು ಕೆಳಗೆ ಓಡಿದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ನಸುಗೆಂಪು ಬಣ್ಣದ ಸಣ್ಣ ಸಣ್ಣ ಕಡ್ಡಿಗಳು. ಎರಡು ತುದಿಗೆ ಮಾತ್ರ ಬಣ್ಣ ಹಿಡಿದು ನಡು ಖಾಲಿ, ಥೇಟ್ ಸೇಫ್ಟಿ ಪಿನ್ನಿನ ಹಾಗೆ.

"ಹೆಸರು ನಾಳೆ ಹೇಳ್ತೇನೆ. ಆದ್ರೆ ಇದು ಆ ಮಣ್ಣಿನದ್ದೇ ಅಂತ ಇಟ್ಕೊಳ್ಳಿ," ಅಂದರು ಮೇಡಂ. ಅಷ್ಟು ಹೊತ್ತಿಗೆ ಅವರು ಪ್ಲೇಟುಗಳನ್ನೆಲ್ಲ ಸುರಕ್ಷತೆಯ ಕ್ಯಾಬಿನೆಟ್ಟಿನೊಳಕ್ಕೆ ಸಾಗಿಸಿದ್ದರು. ಈ ರೋಗಾಣುವಿನ ಪ್ಲೇಟಿನಿಂದ ಮಣ್ಣಿನ ವಾಸನೆ ಬರುತ್ತದಂತೆ, ಹಾಗೆಂದು ಮೂಸಿ ನೋಡಬಾರದು. ಉಸಿರಿನೊಡನೆ ಒಳಗೆ ಹೋದರೆ ಲ್ಯಾಬಿನವರಿಗೇ ರೋಗ ಬಂದೀತು.

ಅವರು ಮೂರು ಪುಟ್ಟ ಔಷಧ ಬಿಲ್ಲೆಗಳನ್ನು ಪ್ಲೇಟಿನ ಮೇಲಿಟ್ಟರು. ಮರುದಿನ ನೋಡಿದರೆ ಜೆಂಟಾಮೈಸಿನ್ ಬಿಲ್ಲೆಯ ಸುತ್ತ ರೋಗಾಣು ನಿರ್ಭಯವಾಗಿ ಬೆಳೆದಿತ್ತು, ಕೊಲಿಸ್ಟಿನ್ ಸುತ್ತವೂ ಬೆಳೆದಿತ್ತು. ಕೋ-ಅಮಾಕ್ಸಿಕ್ಲಾವ್ ಸುತ್ತ ಮಾತ್ರ ಸ್ವಚ್ಛ ವೃತ್ತ. ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ, ಅಂದರೆ ಸರ್ ಹೇಳಿದ್ದ ಮೆಲಿಯಾಯ್ಡೋಸಿಸ್‌ನ ರೋಗಾಣು, ಎಂದು ಬಲವಾಗಿ ಶಂಕಿಸಬಹುದು. ಯಾವ ದೊಡ್ಡ ಯಂತ್ರವೂ ಬೇಡ. ಇದನ್ನು ತಿಳಿಯದ ಲ್ಯಾಬಿನಲ್ಲಿ ಅದು ಬರೀ ಸ್ಯೂಡೋಮೋನಾಸ್ ಎಂದು ಹೋಗುತ್ತದೆ, ಅಥವಾ ಹೊರಗಿನಿಂದ ಸೇರಿದ ಕೊಳೆ ಎಂದು ಬಾಟಲಿಯೇ ಕಸಕ್ಕೆ ಹೋಗುತ್ತದೆ. ಕೆಲವು ದಿನಗಳ ಮೇಲೆ ಮೇಡಂ ಆ್ಯಶ್‌ಡೌನ್ ಅಗಾರಿನ ಪ್ಲೇಟು ತೋರಿಸಿದರು. ನೇರಳೆ ಬಣ್ಣದ, ಸುಕ್ಕುಗಟ್ಟಿದ ಕಾಲನಿಗಳು. ಪಾದದ ಕೀವಿನಲ್ಲಿಯೂ ಅದೇ.

ಈ ರೋಗ ಹೊಸದಲ್ಲ. 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವ್ಹಿಟ್‌ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಎಂಬ ಇಬ್ಬರು ಶವಪರೀಕ್ಷೆ ಮಾಡುವಾಗ ಕಂಡದ್ದು. ನಿರ್ಗತಿಕರ, ಮಾರ್ಫಿನ್ ಚುಚ್ಚಿಕೊಳ್ಳುವವರ ಮೈಯೊಳಗೆಲ್ಲ ಕೀವುಗಡ್ಡೆಗಳು. ಇದು ಇರುವುದು ಮಣ್ಣಿನಲ್ಲಿ, ನೀರಿನಲ್ಲಿ. ಮಳೆ ಬಂದಾಗ ಮೇಲಕ್ಕೆ ಬರುತ್ತದೆ, ಕಾಲಿನ ಸೀಳಿನಿಂದ ಒಳಗೆ ಹೋಗುತ್ತದೆ, ಗಾಳಿಮಳೆಯಲ್ಲಿ ಉಸಿರಿನಿಂದಲೂ ಹೋಗುತ್ತದೆ. ಸಕ್ಕರೆ ಕಾಯಿಲೆಯವರೆಂದರೆ ಇದಕ್ಕೆ ಇನ್ನಿಲ್ಲದ ಒಲವು. ವರ್ಷಕ್ಕೆ ಜಗತ್ತಿನಲ್ಲಿ ಸುಮಾರು 1,65,000 ಜನರಿಗೆ ಬರುತ್ತದೆ, 89,000 ಜನ ಸಾಯುತ್ತಾರೆ ಎಂಬ ಅಂದಾಜು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ದೊಡ್ಡ ಪಾಲು ನಮ್ಮ ದಕ್ಷಿಣ ಏಷ್ಯಾದ್ದೇ. ಮಣಿಪಾಲದ ಸಂಶೋಧಕರು ವರ್ಷಗಟ್ಟಲೆ ಇದರ ಬೆನ್ನು ಹತ್ತಿ, ನಮ್ಮ ಕರಾವಳಿಯಲ್ಲಿ ಇದು ನೆಲೆಸಿದೆ ಎಂದು ತೋರಿಸಿದ್ದಾರೆ. ಹಾಗಿದ್ದೂ ಎಷ್ಟೋ ಕಡೆ ಕ್ಷಯವೆಂದು ತಿಂಗಳುಗಟ್ಟಲೆ ಮಾತ್ರೆ ನುಂಗಿಸುತ್ತಾರೆ. ನನಗೆ ಇದು ಸಹಿಸಲಾಗದ ಸಂಗತಿ. ಏಕೆಂದರೆ ಔಷಧ ಇದೆ. ಥಾಯ್ಲೆಂಡಿನ ಉಬೊನ್ ರಾಚಥಾನಿಯಲ್ಲಿ, ಅದೂ ನಮ್ಮ ಹಾಗೆ ಭತ್ತದ ಸೀಮೆ, ನಿಕೋಲಸ್ ವೈಟ್ ಮತ್ತು ಸಂಗಡಿಗರು ಸೆಫ್ಟಾಜಿಡಿಮ್ ಕೊಟ್ಟು ನೋಡಿದರು. ತೀವ್ರ ರೋಗಿಗಳಲ್ಲಿ ಸಾವು ಶೇ. 74ರಿಂದ 37ಕ್ಕೆ ಇಳಿಯಿತು. ಅದು 1989ರ ಮಾತು.

ನಮ್ಮ ರೋಗಿಗೆ ಇಲಿಜ್ವರದ, ಸ್ಕ್ರಬ್ ಟೈಫಸ್ಸಿನ ಪರೀಕ್ಷೆಗಳು ಇಲ್ಲವೆಂದು ಬಂದವು. ಡಾಕ್ಸಿಸೈಕ್ಲಿನ್ ನಿಂತಿತು. ಶಾಕ್ ಇಳಿದು ಬಿಪಿ ತಾನಾಗಿ ನಿಂತ ಮೇಲೆ ಸರ್ ಮೆರೊಪೆನೆಮ್ ನಿಲ್ಲಿಸಿ ಸೆಫ್ಟಾಜಿಡಿಮ್‌ಗೆ ಇಳಿದರು. ಬಾಟಲಿಯ ಎದುರು ಆಡಿದ ಮಾತು ಉಳಿಸಿಕೊಂಡರು.

ಜ್ವರ ಮಾತ್ರ ಬಿಡಲಿಲ್ಲ. ದಿನಾ ಸಂಜೆ ಏರುತ್ತಿತ್ತು. ಭಾವನಿಗೆ ತಾಳ್ಮೆ ತಪ್ಪಿತು, "ಔಷಧಿ ನಾಟ್ತಾ ಇಲ್ಲ, ಬೇರೆ ದೊಡ್ಡದು ಕೊಡಿ," ಎಂದು ಜಗಳಕ್ಕೇ ನಿಂತ. ಮನೆಯವರ ಆತಂಕ ನನಗೆ ಅರ್ಥವಾಗುತ್ತಿತ್ತು. ಆದರೆ ಈ ರೋಗದಲ್ಲಿ ಸರಿಯಾದ ಔಷಧ ಹೋಗುತ್ತಿದ್ದರೂ ಜ್ವರ ಇಳಿಯಲು ಒಂಬತ್ತು ದಿನ, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಸ್ಕ್ಯಾನಿಂಗ್ ಮಾಡಿದೆವು. ಗುಲ್ಮದೊಳಗೆ ಕಾಳಿನಷ್ಟು ಕಾಳಿನಷ್ಟು ಕೀವಿನ ಗುಳಿಗಳು. ಸೂಜಿ ಹಾಕಿ ತೆಗೆಯುವಷ್ಟು ದೊಡ್ಡವಲ್ಲ, ಔಷಧವೇ ಅವನ್ನು ಕರಗಿಸಬೇಕು. ಎರಡನೆಯ ಸಲ ತೆಗೆದ ಬ್ಲಡ್ ಕಲ್ಚರಿನಲ್ಲಿ ಏನೂ ಬೆಳೆಯಲಿಲ್ಲ. ಸರ್ ಭಾವನನ್ನು ಕೂರಿಸಿಕೊಂಡು ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮೊದಲನೆಯದರಲ್ಲಿ ಬೆಳೆದಿದೆ, ಎರಡನೆಯದರಲ್ಲಿ ಇಲ್ಲ. ಅವನು ಎರಡೂ ಕಾಗದಗಳನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, ಆಮೇಲೆ ಒಪ್ಪಿದ.

ಗಂಟಲ ಕೊಳವೆ ತೆಗೆದ ದಿನ ರೋಗಿ ಮೊದಲು ಕೇಳಿದ್ದು, ನೀರು ಇಳಿಯಿತಾ ಎಂದು. ಐಸಿಯು ಒಳಗೆ ನೆರೆ ನುಗ್ಗಿದೆ, ಮಂಚದವರೆಗೆ ಕೆಂಪು ನೀರು ಬಂದಿದೆ ಎಂದು ಅಷ್ಟೂ ದಿನ ಅವರಿಗೆ ಕಂಡಿತ್ತು. ಸೆಪ್ಸಿಸ್ ತಲೆಯನ್ನೂ ಬಿಡುವುದಿಲ್ಲ. ಚಮಚ ಹಿಡಿಯಲು ಕೈಯಲ್ಲಿ ಬಲವಿಲ್ಲ. ಅಕ್ಕಿ ಮುಡಿ ಹೊತ್ತ ಮನುಷ್ಯ, ಮಂಚದ ಅಂಚಿನಲ್ಲಿ ಕೂರಲು ಇಬ್ಬರ ಆಸರೆ ಬೇಕಿತ್ತು. ಹೆಂಡತಿ ಕುಚ್ಚಲಕ್ಕಿ ಗಂಜಿ ತಂದು ತುತ್ತು ತುತ್ತಾಗಿ ಕುಡಿಸುತ್ತಿದ್ದರು. ಫಿಸಿಯೋಥೆರಪಿಯ ಹುಡುಗಿ ದಿನಾ ಬಂದು ಅವರನ್ನು ಬಾಗಿಲವರೆಗೆ, ಆಮೇಲೆ ವರಾಂಡದ ತುದಿಯವರೆಗೆ ನಡೆಸಿದಳು. ರೋಗಿ ಬದುಕಿದ ಎಂದು ನಾವು ಡಾಕ್ಟರುಗಳು ಬರೆದು ಮುಗಿಸುತ್ತೇವೆ. ಮನೆಯವರ ಪಾಲಿಗೆ ಅರ್ಧ ಕೆಲಸ ಅಲ್ಲಿಂದ ಶುರು.

ಮನೆಗೆ ಕಳಿಸುವಾಗ ಕೋ-ಟ್ರೈಮಾಕ್ಸಜೋಲ್ ಮಾತ್ರೆ ಕೊಟ್ಟೆವು, ಆರು ತಿಂಗಳು. ಇದನ್ನು ನಡುವೆ ಬಿಟ್ಟರೆ ಅಡಗಿ ಕೂತದ್ದು ಮತ್ತೆ ಏಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕ ಅಮೆರಿಕದ ಸೈನಿಕನೊಬ್ಬನ ಮೈಯಲ್ಲಿ 62 ವರ್ಷ ಸುಮ್ಮನಿದ್ದು ಎದ್ದದ್ದೂ ದಾಖಲಾಗಿದೆ. ಮಾತ್ರೆಗೆ ವಾಕರಿಕೆ ಬರುತ್ತದೆ, ಮೈಮೇಲೆ ಗುಳ್ಳೆ ಏಳಬಹುದು, ರಕ್ತದ ಪೊಟ್ಯಾಸಿಯಂ ಏರಬಹುದು. ಆಗಾಗ ಬಂದು ತೋರಿಸಬೇಕು. ಜ್ವರವೇ ಇಲ್ಲದ ಮನುಷ್ಯನಿಗೆ ದಿನಾ ಅಷ್ಟೊಂದು ಮಾತ್ರೆ ನುಂಗಿ ಎಂದರೆ ಯಾರು ನುಂಗುತ್ತಾರೆ? ದೀಪಾವಳಿ ಹೊತ್ತಿಗೆ ಅವರೂ ಬೇಡವೆಂದು ಹಟ ಹಿಡಿದರಂತೆ. ಹೆಂಡತಿ ಬಿಡಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಬೆಳಿಗ್ಗೆ ಒಂದು ಗೀಟು, ರಾತ್ರಿ ಒಂದು ಗೀಟು. ಪ್ರತಿ ಸಲ ತೋರಿಸಲು ಬರುವಾಗ ಆ ಹಾಳೆಯನ್ನು ಹರಿದು ಮಡಚಿ ಅದೇ ತೊಟ್ಟೆಯಲ್ಲಿ ತರುತ್ತಿದ್ದರು. ಒಂದು ಗೀಟೂ ತಪ್ಪಿರಲಿಲ್ಲ.

ಗದ್ದೆಗೆ ಇಳಿಯುವಾಗ ಗಮ್‌ಬೂಟು ಹಾಕಿ ಎಂದು ನಾವು ಹೇಳಿದೆವು. ಅವರು ಕೊಂಡರು ಕೂಡ. ಆದರೆ ನೆಟ್ಟಿಯ ಕೆಸರಿನಲ್ಲಿ ಬೂಟು ಹೂತು ಕಾಲು ಮಾತ್ರ ಹೊರಬರುತ್ತದೆ, ನಡೆಯಲಾಗುವುದಿಲ್ಲ ಎಂದು ಹೇಳಿದರು. ಅದು ನಿಜ. ಆಮೇಲೆ ನಾವು ಬೇರೆ ರೀತಿ ಹೇಳಲು ಶುರು ಮಾಡಿದೆವು. ಕಾಲಲ್ಲಿ ಗಾಯವಿದ್ದ ದಿನ ಇಳಿಯಬೇಡಿ, ಬಂದ ಕೂಡಲೇ ಸೋಪು ಹಾಕಿ ತೊಳೆಯಿರಿ, ಬೆರಳ ಸಂದಿ ಒರೆಸಿ ನೋಡಿ, ಸಕ್ಕರೆ ಹತೋಟಿಯಲ್ಲಿಡಿ.

ನನಗೆ ಹೆಚ್ಚು ಕಾಡುವುದು ಬಾಟಲಿ ಇಲ್ಲದ ಆಸ್ಪತ್ರೆಗಳು. ಕಲ್ಚರ್ ಯಂತ್ರ ಎಲ್ಲ ತಾಲ್ಲೂಕಿನಲ್ಲಿ ಇರಬೇಕೆಂದಿಲ್ಲ. ಬಾಟಲಿ ಇದ್ದರೆ ಸಾಕು. ರಕ್ತ ತುಂಬಿದ ಬಾಟಲಿಯನ್ನು ಫ್ರಿಜ್ಜಿನಲ್ಲಿಡದೆ, ಹಾಗೇ ಜಿಲ್ಲೆಯ ಲ್ಯಾಬಿಗೆ ಆ್ಯಂಬುಲೆನ್ಸಿನಲ್ಲಿ ರೋಗಿಯ ಜೊತೆಗೇ ಕಳಿಸಬಹುದು. ಮೊದಲ ಇಂಜೆಕ್ಷನ್ ಅಲ್ಲೇ ಕೊಟ್ಟು ಕಳಿಸಬಹುದು. ಇದನ್ನು ನಾನು ಮಾತಾಡಲು ಸಿಕ್ಕ ಸಭೆಗಳಲ್ಲೆಲ್ಲ ಹೇಳಿದ್ದೇನೆ, ಮುಂದೆಯೂ ಹೇಳುತ್ತೇನೆ.

ಮರುವರ್ಷದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಆ ಹೆಂಡತಿಯೇ ತಮ್ಮ ನೆರೆಮನೆಯ ಅಜ್ಜಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಅಜ್ಜಿಗೂ ಸಕ್ಕರೆ, ಹಿಂದಿನ ರಾತ್ರಿ ಚಳಿ ಬಂದು ಜ್ವರ ಹಿಡಿದಿತ್ತು, ಮಾತು ಸ್ವಲ್ಪ ತಡವರಿಸುತ್ತಿತ್ತು.

"ಅಂಗ್ಡಿ ಮಾತ್ರೆ ಕೊಡ್ಲಿಲ್ಲ ಡಾಕ್ಟ್ರೇ," ಅಂದರು ಆಕೆ. "ರಾತ್ರಿ ನಾನೇ ಉಸ್ರ್ ಎಣಿಸ್ದೆ, ಜೋರಿತ್ತ್. ಮೊದ್ಲ್ ಆ ಬಾಟ್ಲಿಗೆ ರಕ್ತ ತೆಗೀನಿ."

ತೆಗೆದೆವು. ಆ ಸಲ ಬೆಳೆದದ್ದು ಇ. ಕೋಲೈ, ಮೂತ್ರದ ಸೋಂಕಿನಿಂದ ರಕ್ತಕ್ಕೆ ಏರಿದ್ದು. ಸಾಧಾರಣ ಔಷಧಕ್ಕೇ ಬಗ್ಗುವ ಜಾತಿ. ಮೆರೊಪೆನೆಮ್ ಬೇಕಾಗಲಿಲ್ಲ, ಐಸಿಯು ಕೂಡ ಬೇಕಾಗಲಿಲ್ಲ. ವಾರದೊಳಗೆ ಅಜ್ಜಿ ನಡೆದುಕೊಂಡು ಮನೆಗೆ ಹೋದರು.